ಜೊತೆಗೆ ಹೋಗಬೇಕಿದ್ದ ಶನಿವಾರಗಳು

ಗಿರಿಜಾಳ ಓದು ನಿಲ್ಲಿಸಿದವಳು ನಾನು. ಅವಳ ಅಪ್ಪ ಅಲ್ಲ.

ಇಷ್ಟು ಬರೆಯುವುದಕ್ಕೆ ನನಗೆ ಇಪ್ಪತ್ತು ವರ್ಷಕ್ಕೂ ಮೇಲೆ ಬೇಕಾಯಿತು. ಬರೆದ ಮೇಲೆ ನೋಡಿದರೆ ಎಷ್ಟು ಚಿಕ್ಕ ಮಾತು! ನಂಜಪ್ಪ ಮಾವ ಬದುಕಿದ್ದಾಗ ಇದನ್ನು ಒಂದೇ ಒಂದು ಸಲ, ಬಸ್‌ಸ್ಟಾಪಿನಲ್ಲಿ ನಿಂತುಕೊಂಡಾದರೂ ಸರಿ, ಅಂದುಬಿಟ್ಟಿದ್ದರೆ — ಅನ್ನಲಿಲ್ಲ. ಮಗಳು ಅಷ್ಟೂ ವರ್ಷ ಅಪ್ಪನನ್ನು ದೂರಿದಳು. ಆ ಅಪ್ಪ ಬಾಯಿ ಬಿಡದೆ ತೀರಿಕೊಂಡರು. ನಾನು ಮಾತ್ರ ಎಂ.ಎ. ತರಗತಿಗೆ ಶಾಸನಶಾಸ್ತ್ರ ಪಾಠ ಮಾಡಿಕೊಂಡು, 'ಮೇಡಂ' ಅನ್ನಿಸಿಕೊಂಡು, ತಣ್ಣಗೆ ಬದುಕಿದೆ.

ಮೊದಲಿನಿಂದ ಹೇಳುತ್ತೇನೆ. ಮಾತನ್ನು ಸುತ್ತಿ ಬಳಸಿ ಹೇಳುವ ಚಟ ನನಗಿದೆ, ತರಗತಿಯಲ್ಲಿ ಹುಡುಗರು ಇದಕ್ಕೇ ನಗುತ್ತಾರೆ. ಇವತ್ತು ಸುತ್ತಿಸುವುದಿಲ್ಲ.

ನಮ್ಮೂರು ಪಾಂಡವಪುರದಿಂದ ನಾಗಮಂಗಲದ ಕಡೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗಿದೆ. ಗಿರಿಜಾಳ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಅವಳ ಮನೆಯಲ್ಲಿ ಉಪ್ಸಾರು ಮಾಡಿದರೆ ನಮ್ಮ ಮನೆಗೆ ವಾಸನೆ ಬರುತ್ತಿತ್ತು, ವಾಸನೆಯ ಹಿಂದೆಯೇ ಬಟ್ಟಲೂ ಬರುತ್ತಿತ್ತು. ಅವಳ ಅಪ್ಪ ನಂಜಪ್ಪ ನಮಗೆ ರಕ್ತಸಂಬಂಧವೇನಲ್ಲ, ಆದರೂ ನನಗೆ ಮಾತು ಬಂದಾಗಿನಿಂದ ಮಾವ. ಊರಾಚೆ ಅವರದೊಂದು ಆಲೆಮನೆ ಇತ್ತು. ಕಬ್ಬು ಅರೆದು, ಆ ಹಾಲನ್ನು ಕಾಯಿಸಿ, ಬೆಲ್ಲ ಮಾಡುವ ಕೆಲಸ. ಮೈಗೆಲ್ಲ ಹೊಗೆ ವಾಸನೆ, ಬಾಯಿ ತುಂಬ ನಗು. ಮಗಳನ್ನು ಓದಿಸುವ ವಿಚಾರದಲ್ಲಿ ಅವರದು ಒಂದೇ ಕಾನೂನು — ಎಲ್ಲಿಗೆ ಬೇಕಾದರೂ ಹೋಗಲಿ, ಎಷ್ಟು ಬೇಕಾದರೂ ಓದಲಿ, ಆದರೆ ಜೊತೆ ಇರಬೇಕು.

ಆ ಜೊತೆ ನಾನು.

ಜೊತೆ ಸಿಗಲಿಲ್ಲ ಅನ್ನುವ ಒಂದೇ ಕಾರಣಕ್ಕೆ ಹತ್ತನೇ ಕ್ಲಾಸಿಗೇ ಮನೆ ಸೇರಿದ ಹುಡುಗಿಯರು ನಮ್ಮ ಬೀದಿಯಲ್ಲೇ ಇದ್ದರು. ಗಿರಿಜಾ ನನಗೆ ಜೊತೆ, ನಾನು ಅವಳಿಗೆ ಜೊತೆ. ಹಾಗೆ ಪಾಂಡವಪುರದಲ್ಲಿ ಡಿಗ್ರಿ ಮುಗಿಸಿದೆವು, ಹಾಗೇ ಮೈಸೂರಿಗೆ ಕನ್ನಡ ಎಂ.ಎ.ಗೆ ಸೇರಿದೆವು. ಬೆಳಗಿನ ಬಸ್ಸಿನಲ್ಲಿ ಒಬ್ಬಳಿಗೆ ಸೀಟು ಸಿಕ್ಕರೆ ಇನ್ನೊಬ್ಬಳು ಅವಳ ತೊಡೆಯ ಮೇಲೆ ಎರಡೂ ಚೀಲ ಇಟ್ಟು ನಿಲ್ಲುವುದು. ಶ್ರೀರಂಗಪಟ್ಟಣದಲ್ಲಿ ಹೊಳೆ ಸೇತುವೆ ಬಂದಾಗ ಗಿರಿಜಾ ದಿನಾ ಕೈಮುಗಿಯುತ್ತಿದ್ದಳು. "ಸಾಕು ಕಣೇ, ಕಾವೇರಮ್ಮನಿಗೂ ಬೇಜಾರಾಗಿರುತ್ತೆ" ಅಂತ ನಾನು ಕಾಡಿಸುತ್ತಿದ್ದೆ. ಅವಳು ನನ್ನ ಪಾಲಿಗೂ ಇನ್ನೊಂದು ಸಲ ಮುಗಿಯುತ್ತಿದ್ದಳು.

ಎಂ.ಎ. ಎರಡನೇ ವರ್ಷಕ್ಕೆ ಮುಖ್ಯ ಪತ್ರಿಕೆಗಳ ಜೊತೆಗೆ ಒಂದು ಪೂರಕ ವಿಷಯ ಆರಿಸಿಕೊಳ್ಳಬೇಕಿತ್ತು. ಐಚ್ಛಿಕ ಅನ್ನುತ್ತಿದ್ದೆವು. ಜಾನಪದ, ಭಾಷಾಂತರ, ಭಾಷಾವಿಜ್ಞಾನ, ಶಾಸನಶಾಸ್ತ್ರ — ಇಷ್ಟರಲ್ಲಿ ಒಂದು. ಆದರೆ ಹಳ್ಳಿಯಿಂದ ಬರುವ ಹುಡುಗಿಯರು ವಿಷಯ ನೋಡುವ ಮೊದಲು ವೇಳಾಪಟ್ಟಿ ನೋಡುತ್ತಿದ್ದೆವು, ವೇಳಾಪಟ್ಟಿ ನೋಡಿ ಬಸ್ಸು ನೋಡುತ್ತಿದ್ದೆವು. ಜಾನಪದದ ಪಾಠ ಮಧ್ಯಾಹ್ನದೊಳಗೆ ಮುಗಿಯುತ್ತಿತ್ತು, ಕತ್ತಲಾಗುವ ಮೊದಲು ಮನೆ ಸೇರಬಹುದಿತ್ತು. ಹಾಗಾಗಿ ನಮ್ಮಂಥವರೆಲ್ಲ ಜಾನಪದವೇ. ಶಾಸನಶಾಸ್ತ್ರ ತಗೊಂಡವರು ಶನಿವಾರವೂ ಬರಬೇಕಿತ್ತು, ಹಳ್ಳಿಗಳಿಗೆ ಹೋಗಿ ಕಲ್ಲಿನ ಮೇಲಿನ ಬರಹದ ಅಚ್ಚು ತೆಗೆಯುವುದನ್ನು ಕಲಿಯಬೇಕಿತ್ತು. ಅದನ್ನು ಪಾಠ ಮಾಡುವ ಮೇಷ್ಟ್ರು ಪ್ರತಿ ವರ್ಷ ಆ ತರಗತಿಯಿಂದ ಒಬ್ಬರನ್ನು ಶಾಸನ ಸಂಗ್ರಹದ ಕೆಲಸಕ್ಕೆ ತಮ್ಮ ಜೊತೆ ಇಟ್ಟುಕೊಳ್ಳುತ್ತಿದ್ದರು. ಒಬ್ಬರನ್ನು ಮಾತ್ರ.

ಮೊದಲನೇ ವರ್ಷದ ಕೊನೆಗೆ ಅವರು ನಮ್ಮನ್ನೆಲ್ಲ ಕೆ.ಆರ್.ಪೇಟೆ ಕಡೆಯ ಒಂದು ಹಳ್ಳಿಗೆ ಕರೆದುಕೊಂಡು ಹೋದರು. ವಿಷಯ ಆರಿಸುವ ಮೊದಲು ರುಚಿ ನೋಡಿ ಅಂತ. ಮೇಷ್ಟ್ರ ಹೆಂಡತಿಯೂ ಬಂದಿದ್ದರು. ಹುಡುಗಿಯರಿದ್ದರೆ ಅವರಿಲ್ಲದೆ ಮೇಷ್ಟ್ರು ಹೊರಡುತ್ತಲೇ ಇರಲಿಲ್ಲ. ಪುಳಿಯೋಗರೆ ಡಬ್ಬಿ ಅವರದೇ, ಹುಡುಗಿಯರ ತಲೆ ಎಣಿಸಿ ಬಸ್ಸು ಹತ್ತಿಸುವುದೂ ಅವರೇ. ಸಂಜೆ ದೀಪ ಹಚ್ಚುವ ಹೊತ್ತಿಗೆ ನಾವು ಮನೆಯಲ್ಲಿದ್ದೆವು. ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಮುಂದೆ ನಾನು ಆಡಿದ ಮಾತನ್ನು ಅಳೆಯುವುದಕ್ಕೆ ಇದು ಬೇಕಾಗುತ್ತದೆ.

ಅಚ್ಚು ತೆಗೆಯುವುದನ್ನು ಅವತ್ತು ಮೊದಲು ನೋಡಿದ್ದು. ಕಲ್ಲನ್ನು ನೀರಲ್ಲಿ ಉಜ್ಜಿ ತೊಳೆದು, ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ತಟ್ಟುತ್ತಾ ಹೋಗುತ್ತಾರೆ. ಕಾಗದ ಅಕ್ಷರದ ಹಳ್ಳಕ್ಕೆ ಇಳಿದು ಕೂತ ಮೇಲೆ ಬಟ್ಟೆಯ ಉಂಡೆಯಿಂದ ಮಸಿ ಒತ್ತುತ್ತಾರೆ. ಕಾಗದವೆಲ್ಲ ಕಪ್ಪಾಗಿ ಅಕ್ಷರಗಳು ಮಾತ್ರ ಬೆಳ್ಳಗೆ ಏಳುತ್ತವೆ. ಆ ಕಲ್ಲು ತುಂಬ ಸವೆದಿತ್ತು. ಮೇಷ್ಟ್ರು ಒಬ್ಬೊಬ್ಬರನ್ನೇ ಓದಿಸಿದರು. ನಾನು ಎರಡಕ್ಷರ ಓದಿ ನಿಂತೆ. ಗಿರಿಜಾ ಓದಲೇ ಇಲ್ಲ — ಕಲ್ಲಿನ ಹತ್ತಿರ ಕೂತು, ಕಣ್ಣು ಮುಚ್ಚಿಕೊಂಡು, ಬೆರಳಿಟ್ಟು ತಡವುತ್ತಾ ಹೋದಳು. ಒಂದೊಂದೇ ಅಕ್ಷರ ಹೇಳಿದಳು. ಹಾಗೇ ಇಡೀ ಸಾಲು ಮುಗಿಸಿದಳು.

"ನೀನು ಶಾಸನ ತಗೊಳ್ಳಮ್ಮ" ಅಂದರು ಮೇಷ್ಟ್ರು ಅವಳಿಗೆ. ನನ್ನ ಕಡೆ ಕೈ ತೋರಿಸಿ, "ನಿನ್ನ ಈ ಸ್ನೇಹಿತೆಯನ್ನೂ ಬಿಡಬೇಡ" ಅಂತಲೂ ಅವಳಿಗೇ ಅಂದರು.

ನಾನು ಬರೀ ಸ್ನೇಹಿತೆ. ನನ್ನ ಹೆಸರು ಸುಮಿತ್ರ, ಡಿಗ್ರಿಯಲ್ಲಿ ಕಾಲೇಜಿಗೇ ಮೊದಲು ಬಂದವಳು, ಊರಲ್ಲಿ 'ಓದೋ ಹುಡುಗಿ' ಅಂದರೆ ನಾನು. ಗಿರಿಜಾ ಯಾವತ್ತೂ ನನ್ನ ಹಿಂದೆ ಇದ್ದವಳು. ವಾಪಸ್ಸು ಬರುವಾಗ ಅವಳು ಬಸ್ಸಿನಲ್ಲಿ ಕೈ ನೋಡಿಕೊಳ್ಳುತ್ತಾ ಕೂತಿದ್ದಳು, ಬೆರಳಿಗೆ ಮಸಿ ಅಂಟಿತ್ತು. "ಲೇ ಸುಮಿ, ಇಬ್ರೂ ತಗೊಳ್ಳೋಣ ಕಣೇ. ನೀನಿದ್ರೆ ಅಪ್ಪ ಬೇಡ ಅನ್ನಲ್ಲ. ಶನಿವಾರ ಶನಿವಾರ ಇಬ್ರೂ ಹೋಗೋಣ." ನಾನು ಹೂಂ ಅಂದೆ. ಹೊಟ್ಟೆಯೊಳಗೆ ಮಾತ್ರ ಕಿಚ್ಚು ಬಿದ್ದಿತ್ತು. ಇಲ್ಲಿ ಬೇರೆ ದೊಡ್ಡ ಪದ ಹುಡುಕುವುದು ಬೇಡ, ಅದು ಹೊಟ್ಟೆಕಿಚ್ಚೇ.

ಆ ಬೇಸಿಗೆ ರಜೆಯಲ್ಲಿ ಅಪ್ಪ ನನ್ನನ್ನು ಆಲೆಮನೆಗೆ ಕಳಿಸಿದರು. ನಮ್ಮ ಕಬ್ಬು ಯಾವತ್ತು ಕಡಿಯಬೇಕು ಅಂತ ಮಾವನನ್ನು ಕೇಳಿಕೊಂಡು ಬರುವುದಕ್ಕೆ. ಮಾವ ಕೊಪ್ಪರಿಗೆಯ ಹತ್ತಿರ ನಿಂತಿದ್ದರು. ನನ್ನನ್ನು ಕಂಡದ್ದೇ ಬಾಳೆಲೆ ಚೂರಿನ ಮೇಲೆ ಬಿಸಿ ಬೆಲ್ಲ ಹಾಕಿ ಕೊಟ್ಟರು.

"ಬಾರವ್ವ, ತಿನ್ನು. ನಮ್ ಗಿರಿಜ ಏಳ್ತಿತ್ತು, ಮುಂದ್ಲೊರ್ಸ ಅದೆಂತದೋ ಕಲ್ ಓದೋದ ತಗೊತೀವಿ, ಶನಿವಾರ ಊರೂರಿಗೋಗ್ಬೇಕು ಅಂತ. ನೀನೂ ಜೊತೇಲಿರ್ತೀಯಲ್ಲ, ಅಷ್ಟು ಸಾಕು ಬುಡು ನಂಗೆ."

ಹೂಂ ಮಾವ ಅಂದಿದ್ದರೆ ಮುಗಿಯುತ್ತಿತ್ತು. ಬಾಯಲ್ಲಿ ಅವರು ಕೊಟ್ಟ ಬೆಲ್ಲ ಇನ್ನೂ ಕರಗಿರಲಿಲ್ಲ.

"ನಾನಾ? ನಾನು ಜಾನಪದ ತಗೊಳ್ತಿರೋದು ಮಾವ" ಅಂದೆ. "ಆ ಕಲ್ಲು ಓದೋದಕ್ಕೆ ಹುಡುಗೀರು ಯಾರೂ ಸೇರಲ್ಲ. ಹಾಳು ಗುಡಿ, ಹೊಲ ಅಂತ ಹುಡುಗರ ಜೊತೆ ಅಲೀಬೇಕು. ಒಂದೊಂದ್ಸಲ ರಾತ್ರಿ ಅಲ್ಲೇ ತಂಗಬೇಕಂತೆ. ಗಿರಿಜ ನಿಮ್ಗೆ ಹೇಳಿಲ್ವಾ?"

ಹೇಳಿಲ್ವಾ — ಇಷ್ಟು ವರ್ಷ ನನ್ನನ್ನು ತಿಂದದ್ದು ಈ ಒಂದು ಮಾತು. ಉಳಿದದ್ದೆಲ್ಲ ಬರೀ ಸುಳ್ಳು. ಬೇಕಿದ್ದರೆ ಮಾವ ಮೇಷ್ಟ್ರನ್ನು ಕೇಳಿ ತಿಳಿದುಕೊಳ್ಳಬಹುದಿತ್ತು. 'ಹೇಳಿಲ್ವಾ' ಅಂದಾಗ ಮಗಳೇ ಸುಳ್ಳಿಯಾದಳು, ಏನನ್ನೋ ಮುಚ್ಚಿಟ್ಟವಳಾದಳು. ಜೊತೆಗೆ ಸುಮಿ ಇರುತ್ತಾಳೆ ಅಂತ ಅಪ್ಪನಿಗೆ ಮಂಕುಬೂದಿ ಎರಚಿ ಇನ್ಯಾರದೋ ಜೊತೆ ಅಲೆಯುವುದಕ್ಕೆ ಹೊರಟವಳಾದಳು. ನಾನು ಅಷ್ಟನ್ನೂ ಬಾಯಿಬಿಟ್ಟು ಹೇಳಲಿಲ್ಲ, ಹೇಳುವ ಅಗತ್ಯವೇ ಬೀಳಲಿಲ್ಲ.

ಮಾವನ ಮುಖದಲ್ಲಿದ್ದ ನಗು ಹೋಯಿತು. ಕೈಯಲ್ಲಿದ್ದ ಸಟ್ಟುಗವನ್ನು ಕೆಳಗಿಟ್ಟರು. "ಇಲ್ಲ ಕಣವ್ವ. ಏಳ್ಲಿಲ್ಲ" ಅಂದರು.

ನನಗೆ ಆಗ ಹೆದರಿಕೆಯಾಯಿತು. ಮಾತು ವಾಪಸ್ಸು ತಗೊಳ್ಳಬೇಕು ಅನ್ನಿಸಿದ್ದಕ್ಕಲ್ಲ, ಸಿಕ್ಕಿಬೀಳುತ್ತೇನಲ್ಲ ಅಂತ. "ನಾನು ಹೇಳ್ದೆ ಅಂತ ಅನ್ಬೇಡಿ ಮಾವ. ಆಣೆ ಮಾಡಿ" ಅಂದೆ.

"ನೀನೂ ಎಣ್ಮಗ. ನಿನ್ನೆಸ್ರು ಎತ್ತೀನಾ? ನಮ್ ಗಿರಿಜನ ಆಣೆಗೂ ಎತ್ತಾಕಿಲ್ಲ, ಓಗವ್ವ" ಅಂದರು.

ಬಾಯಿ ತಪ್ಪಿ ಬಂದ ಮಾತು ಅದು, ಮೊದಲೇ ಯೋಚಿಸಿದ್ದಲ್ಲ — ಹೀಗಂತ ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಅದೂ ಸುಳ್ಳು. ಮುಂದಿನ ವರ್ಷ ನಿಮ್ಮ ಮನೆಯಲ್ಲಿ ಇರಬಹುದಾ ಅಂತ ಶ್ರೀರಂಗಪಟ್ಟಣದ ಚಿಕ್ಕಮ್ಮನನ್ನು ನಾನು ಅದಕ್ಕೂ ಮೊದಲೇ ಕೇಳಿ ಇಟ್ಟುಕೊಂಡಿದ್ದೆ. ಗಿರಿಜಾಳ ಜೊತೆ ಇಲ್ಲದೆ ಓದುವ ದಾರಿ ನನಗೆ ಸಿದ್ಧವಾಗಿತ್ತು. ಅವಳಿಗೆ ಅಂಥ ಚಿಕ್ಕಮ್ಮ ಯಾರೂ ಇರಲಿಲ್ಲ.

ಅವಳು ಶಾಸನ ಬಿಟ್ಟು ಜಾನಪದ ತಗೊಂಡಾಳು, ಅಷ್ಟೇ ತಾನೇ ಅಂದುಕೊಂಡಿದ್ದೆ. ಮಾವ ಓದನ್ನೇ ನಿಲ್ಲಿಸಿಬಿಟ್ಟರು. ಗೋಡೆಯ ಈಚೆ ನನಗೆ ಎಲ್ಲ ಕೇಳಿಸುತ್ತಿತ್ತು. ಗಿರಿಜಾ ಯಾಕೆ, ಏನು ಮಾಡಿದೆ ನಾನು ಅಂತ ಕೇಳುತ್ತಿದ್ದಳು, ಅತ್ತಳು, ಊಟ ಬಿಟ್ಟಳು. ಮಾವನದು ಒಂದೇ ಮಾತು — "ಬ್ಯಾಡ ಅಂದ್ರೆ ಬ್ಯಾಡ." ಕಾರಣ ಹೇಳಬೇಕಾದರೆ ನನ್ನ ಹೆಸರು ಎತ್ತಬೇಕಿತ್ತಲ್ಲ. ಎರಡನೇ ವರ್ಷಕ್ಕೆ ಸೇರುವ ದಿನ ದಾಟಿಹೋಯಿತು. ನಾನು ಈಚೆ ಕೂತು, ಇವತ್ತು ಹೋಗಿ ಹೇಳುತ್ತೇನೆ, ನಾಳೆ ಹೋಗಿ ಹೇಳುತ್ತೇನೆ ಅನ್ನುತ್ತಾ ಬಟ್ಟೆ ಮಡಿಚಿ ಚೀಲಕ್ಕೆ ತುಂಬುತ್ತಿದ್ದೆ.

ನಾನು ಹೊರಡುವ ಹಿಂದಿನ ದಿನ ಗಿರಿಜಾ ಬಂದಳು. ಕಣ್ಣು ಊದಿತ್ತು. ಮಡಿಲಲ್ಲಿ ಒಂದು ಬಟ್ಟೆಯ ಉಂಡೆ, ಮಸಿ ಒತ್ತುವುದಕ್ಕೆ. ಅವಳ ಅವ್ವನ ಹಳೇ ಹಸಿರು ಸೀರೆಯಲ್ಲಿ ಹತ್ತಿ ತುಂಬಿ, ತಾನೇ ಹೊಲಿದು, ಹಿಡಿಗೆ ದಾರ ಸುತ್ತಿದ್ದಳು. ರಜೆ ಶುರುವಾದಾಗಲೇ ಮಾಡಿಟ್ಟಿದ್ದಳಂತೆ. "ನಾನಂತೂ ಬರಕ್ಕಾಗಲ್ಲ. ನೀನಾದ್ರೂ ತಗೊಂಡೋಗು" ಅಂದಳು. ಆಮೇಲೆ, "ಶಾಸನಾನೇ ತಗೊ ಕಣೇ, ಬಿಡಬೇಡ. ಇಬ್ರಲ್ಲಿ ಒಬ್ರಾದ್ರೂ" ಅಂದಳು.

ನಾನು ತಗೊಂಡೆ. ಉಂಡೆಯನ್ನೂ ತಗೊಂಡೆ, ವಿಷಯವನ್ನೂ ತಗೊಂಡೆ. ಥೂ, ನನ್ನ ಜನ್ಮಕ್ಕಿಷ್ಟು.

ಆ ವರ್ಷವೇ ಅವಳನ್ನು ಕಿಕ್ಕೇರಿಗೆ ಕೊಟ್ಟರು. ಒಳ್ಳೆಯ ಮನೆ, ಒಳ್ಳೆಯ ಗಂಡ, ಅದರಲ್ಲಿ ಮಾತಿಲ್ಲ. ಧಾರೆಯ ಹೊತ್ತಲ್ಲಿ ಗಿರಿಜಾ ಅಪ್ಪನ ಮುಖ ನೋಡಲಿಲ್ಲ. ನಾನು ಅವಳ ಪಕ್ಕದಲ್ಲೇ ಕಳಶ ಹಿಡಿದು ನಿಂತಿದ್ದೆ.

ಮುಂದಿನ ವರ್ಷ ಮೇಷ್ಟ್ರು ಶಾಸನ ಸಂಗ್ರಹದ ಕೆಲಸಕ್ಕೆ ನನ್ನನ್ನು ಆರಿಸಿಕೊಂಡರು. ಅಪ್ಪ ಊರಿಗೆಲ್ಲ ಹೇಳಿಕೊಂಡು ಬಂದರು. ಅದಾಗಿ ಸ್ವಲ್ಪ ದಿನಕ್ಕೆ ನಾನು ಊರಿಗೆ ಬಂದು ವಾಪಸ್ಸು ಹೊರಟಾಗ ಬಸ್‌ಸ್ಟಾಪಿನಲ್ಲಿ ಮಾವ ಸಿಕ್ಕಿದರು. ಬೇರೆ ಯಾರೂ ಇರಲಿಲ್ಲ.

"ಕಲ್ ಓದೋದ್ನೇ ಓದುದ್ಯಂತೆ" ಅಂದರು.

"ಹೂಂ ಮಾವ."

"ಎಣ್ಮಕ್ಳು ಇದ್ರಾ?"

"ಇದ್ರು" ಅಂದೆ.

ಅವರು ಸಿಟ್ಟಾಗಲಿಲ್ಲ. ಸಿಟ್ಟಾಗಿ ನಾಲ್ಕು ಬೈದಿದ್ದರೆ ನಾನು ಅಲ್ಲೇ ಅತ್ತು ಎಲ್ಲ ಒಪ್ಪಿಕೊಳ್ಳುತ್ತಿದ್ದೆನೋ ಏನೋ — ನೋಡಿ, ಇಲ್ಲೂ ಅವರ ಮೇಲೇ ಹಾಕುತ್ತಿದ್ದೇನೆ. ಟವೆಲ್ಲು ತೆಗೆದು ಮುಖ ಒರೆಸಿಕೊಂಡರು. ಆಮೇಲೆ ಕೇಳಿದರು, "ನಂಗೇನಾದ್ರೂ ಏಳದೈತಾ ಮಗಾ?"

ಕೇಳಿದ್ದು ಯಾಕೆ ಅಂತ ನನಗೆ ಚೆನ್ನಾಗಿ ಗೊತ್ತಿತ್ತು. ಮಗಳ ಮೇಲೆ ಆಣೆ ಮಾಡಿದವರು ಅವರು. ನಮ್ಮ ಕಡೆ ಜನ ಆಣೆಯನ್ನು ಆಟಕ್ಕೆ ಮಾಡುವುದಿಲ್ಲ. ಮಾಡಿಸಿಕೊಂಡವರೇ 'ಬಿಟ್ಟೆ' ಅನ್ನಬೇಕು. ಅವರು ಬಿಡದೆ ಆಣೆ ಮುರಿದರೆ ಅದು ಯಾರ ಮೇಲೆ ಮಾಡಿದ್ದೋ ಅವರಿಗೇ ತಟ್ಟುತ್ತದೆ ಅನ್ನುವ ನಂಬಿಕೆ. ಮಾವ ಆ ಒಂದು ಮಾತಿಗಾಗಿ ನನ್ನ ಮುಂದೆ ನಿಂತಿದ್ದರು. ಆಣೆ ಬಿಟ್ಟೆ ಮಾವ, ಹೋಗಿ ಮಗಳಿಗೆ ಹೇಳಿ — ಇಷ್ಟೇ.

"ಏನಿಲ್ಲ ಮಾವ" ಅಂದೆ.

"ಚೆಂದಾಗಿ ಓದವ್ವ" ಅಂದರು. ಬಸ್ಸು ಬಂತು, ನನ್ನ ಚೀಲವನ್ನು ಅವರೇ ಎತ್ತಿ ಒಳಗೆ ಕೊಟ್ಟರು.

ಆಲೆಮನೆಯಲ್ಲಿ ಆಡಿದ ಮಾತಿಗಿಂತ ಬಸ್‌ಸ್ಟಾಪಿನ ಆ 'ಏನಿಲ್ಲ' ದೊಡ್ಡ ಪಾಪ ಅಂತ ಈಗ ಅನ್ನಿಸುತ್ತದೆ. ಮೊದಲನೆಯದನ್ನು ಆಡಿದ್ದು ಕಿಚ್ಚಿನಲ್ಲಿ. ಎರಡನೆಯದನ್ನು ಪೂರ್ತಿ ತಿಳಿದೇ ಆಡಿದೆ.

ಗಿರಿಜಾ ತವರಿಗೆ ಬರುವುದೇ ಅಪರೂಪವಾಯಿತು. ಬಂದರೂ ಅವ್ವನನ್ನು ಮಾತಾಡಿಸಿ, ಅಪ್ಪನ ಮುಂದೆ ತಲೆ ಎತ್ತದೆ ಹೋಗುತ್ತಿದ್ದಳು. ಊರೂ ಅವಳ ಪರವೇ — ನಂಜಪ್ಪ ಓದೋ ಹುಡುಗಿಯ ಕಾಲಿಗೆ ಹಗ್ಗ ಕಟ್ಟಿದ, ಕಲ್ಲು ಮನುಷ್ಯ ಅಂತ ಜನ ಎದುರಿಗೇ ಆಡಿದರು. ನನ್ನ ಅವ್ವನೂ ಆಡಿದಳು. ನಾನು ನೌಕರಿ ಹಿಡಿದೆ, ಶ್ರೀರಂಗಪಟ್ಟಣದಲ್ಲೇ ಮನೆ ಮಾಡಿದೆ. ಗಿರಿಜಾ ಹಬ್ಬಕ್ಕೆ ಹುಣ್ಣಿಮೆಗೆ ಫೋನು ಮಾಡುತ್ತಿದ್ದಳು, ಯಾವ ಊರಲ್ಲಿ ಯಾವ ಕಲ್ಲು ಸಿಕ್ಕಿತು ಅಂತ ಕೇಳಿ ಕೇಳಿ ತಿಳಿದುಕೊಳ್ಳುತ್ತಿದ್ದಳು. ನಾನು ಹೇಳುತ್ತಿದ್ದೆ. ಅವಳ ಪಾಲಿನ ಅನ್ನ ಉಂಡು ರುಚಿ ಹೇಗಿತ್ತು ಅಂತ ಅವಳಿಗೇ ವರ್ಣಿಸಿದ ಹಾಗೆ.

ಕೊರೊನಾ ಗಲಾಟೆ ಎಲ್ಲ ಮುಗಿದ ಮೇಲೆ ಮಾವ ತೀರಿಕೊಂಡರು. ಆಲೆಮನೆಯ ಹಿಂದಿನ ಅವರ ಹೊಲದಲ್ಲೇ ಮಣ್ಣು ಮಾಡಿದರು. ಹಾಲುತುಪ್ಪ ಬಿಡುವ ದಿನ ನೆಂಟರು, ಊರವರು ಒಬ್ಬೊಬ್ಬರೇ ಹೋಗಿ ಗುಡ್ಡೆಯ ಮೇಲೆ ಹಾಲು ಬಿಟ್ಟು ಕೈಮುಗಿದರು. ಗಿರಿಜಾ ದೂರ ಬದುವಿನ ಮೇಲೆ ನಿಂತಿದ್ದಳು. ಹಿರಿಯರೊಬ್ಬರು, "ಬಾರವ್ವ, ನಿಮ್ಮಪ್ಪಂಗೆ ಒಂದು ತೊಟ್ಟು ಹಾಲು ಬುಡು" ಅಂತ ಕರೆದರು.

"ನನ್ ಕೈಯಿಂದ ಅವ್ರಿಗೇನೂ ಬ್ಯಾಡ" ಅಂದಳು. ಕಣ್ಣಲ್ಲಿ ಒಂದು ಹನಿಯೂ ಇರಲಿಲ್ಲ.

ಯಾರೋ ಆ ಲೋಟವನ್ನು ನನ್ನ ಕೈಗೆ ಕೊಟ್ಟರು. ಮಗಳ ಹಾಗೆ ಬೆಳೆದವಳಲ್ಲವಾ ನೀನು, ನೀನು ಬಿಡು ಅಂದರು. ನಾನು 'ನಾನು ಬಿಡಬಾರದು' ಅನ್ನಬೇಕಿತ್ತು. ಊರಿಗೆ ಊರೇ ನಿಂತಿತ್ತು, ಗಿರಿಜಾ ನಿಂತಿದ್ದಳು, ಅದಕ್ಕಿಂತ ಒಳ್ಳೆಯ ಹೊತ್ತು ಇನ್ಯಾವುದು ಬರುತ್ತಿತ್ತು? ಹಾಲು ಬಿಟ್ಟೆ. ಕೈಮುಗಿದೆ.

ಈ ವರ್ಷ ಗಿರಿಜಾಳ ಮಗಳು ಸಿಂಚನಾ ನಾನು ಪಾಠ ಮಾಡುವ ವಿಭಾಗದಲ್ಲೇ ಕನ್ನಡ ಎಂ.ಎ.ಗೆ ಸೇರಿದಳು. ಈಗ ಮೊದಲಿನ ಹಾಗಲ್ಲ, ಸಾಫ್ಟ್ ಕೋರ್, ಓಪನ್ ಎಲೆಕ್ಟಿವ್ ಅಂತೆಲ್ಲ ಹೆಸರಿದೆ, ಬೇರೆ ವಿಭಾಗದ ವಿಷಯವನ್ನೂ ತಗೊಳ್ಳಬಹುದು. ಯಾವುದು ತಗೊಳ್ಳಬೇಕು ಅಂತ ಕೇಳುವುದಕ್ಕೆ ತಾಯಿ ಮಗಳಿಬ್ಬರೂ ಒಂದು ಭಾನುವಾರ ನನ್ನ ಮನೆಗೆ ಬಂದರು. ಗಿರಿಜಾ ಕಿಕ್ಕೇರಿಯಿಂದ ತೆಂಗಿನಕಾಯಿ, ಹುರುಳಿಕಾಳು ಹೊತ್ತು ತಂದಿದ್ದಳು. ಸೇತುವೆ ಬಂದಾಗ ಕೈಮುಗಿದಳಂತೆ, ಸಿಂಚನಾ ಅದನ್ನು ಹೇಳಿಕೊಂಡು ನಕ್ಕಳು.

ಹುಡುಗಿಗೆ ಪತ್ರಿಕೋದ್ಯಮ ತಗೊಳ್ಳುವ ಆಸೆ. ತಾಯಿಗೆ ಶಾಸನದ ಆಸೆ. ಇಬ್ಬರೂ ನನ್ನೆದುರಿಗೇ ಚೌಕಾಸಿ ಮಾಡಿದರು. ಅಷ್ಟರಲ್ಲಿ ಸಿಂಚನಾ ಪುಸ್ತಕದ ಕಪಾಟಿನಲ್ಲಿದ್ದ ಆ ಬಟ್ಟೆಯ ಉಂಡೆಯನ್ನು ಎತ್ತಿಕೊಂಡು, "ಇದೇನು ಆಂಟಿ?" ಅಂದಳು.

ಗಿರಿಜಾ ಅದನ್ನು ಕಿತ್ತುಕೊಂಡಳು. "ಅಯ್ಯೋ ಸುಮಿ, ನಮ್ಮವ್ವನ ಸೀರೆ ಅಲ್ವೇನೇ ಇದು! ಇನ್ನೂ ಮಡಗಿದ್ದೀಯಾ?" ಅಂದವಳ ಕಣ್ಣು ತುಂಬಿಬಂತು. ಮಗಳಿಗೆ ಯಾವುದೋ ಫೋನು ಬಂದು ಅವಳು ಹೊರಗೆ ಹೋದಳು. ಗಿರಿಜಾ ಉಂಡೆಯನ್ನು ಕೆನ್ನೆಗೆ ಒತ್ತಿಕೊಂಡು ಅಂದಳು, "ಇವಳು ಏನ್ ತಗೋಬೇಕೋ ನೀನೇ ಹೇಳು ಕಣೇ. ನೀನು ಹೇಳಿದ್ದೇ ಸರಿ. ನಾನು ಅಡ್ಡ ಬರಲ್ಲ. ನಮ್ಮಪ್ಪನ್ ತರ ಆಗಲ್ಲ ನಾನು."

ನಾನು ಕಾಫಿಗೆ ಹಾಲಿಟ್ಟಿದ್ದ ಒಲೆ ಆರಿಸಿದೆ. ಹೇಳಿದೆ. ಆಲೆಮನೆ, ಬೆಲ್ಲ, ಹುಡುಗೀರು ಯಾರೂ ಇಲ್ಲ ಅಂದದ್ದು, ರಾತ್ರಿ ತಂಗಬೇಕು ಅಂದದ್ದು, ಕೊನೆಯ 'ಹೇಳಿಲ್ವಾ' — ಒಂದನ್ನೂ ಬಿಡಲಿಲ್ಲ. ಚಿಕ್ಕಮ್ಮನನ್ನು ಮೊದಲೇ ಕೇಳಿಟ್ಟುಕೊಂಡದ್ದನ್ನೂ ಹೇಳಿದೆ. ಗಿರಿಜಾ ಕೂಗಾಡುತ್ತಾಳೆ, ಕೈ ಎತ್ತುತ್ತಾಳೆ ಅಂದುಕೊಂಡಿದ್ದೆ. ಅವಳು ಉಂಡೆಯ ದಾರವನ್ನೇ ನೋಡುತ್ತಾ ಕೂತಿದ್ದಳು.

"ಅಪ್ಪಂಗೆ ಗೊತ್ತಾಯ್ತಾ, ಸುಳ್ಳು ಅಂತ?" ಅಂದಳು.

"ಗೊತ್ತಾಯ್ತು. ನಿನ್ನ ಮದುವೆಯಾದ ಮುಂದಿನ ವರ್ಷ."

"ಮತ್ತೆ ನಂಗ್ಯಾಕೆ ಹೇಳ್ಲಿಲ್ಲ?"

"ಆಣೆ ಮಾಡ್ಸಿದ್ದೆ. ನನ್ನ ಹೆಸರು ಎತ್ತಲ್ಲ ಅಂತ."

"ಯಾರ ಮೇಲೆ?"

"ನಿನ್ನ ಮೇಲೆ."

ಅವಳು ಉಂಡೆಯನ್ನು ಮಡಿಲಿಗಿಟ್ಟುಕೊಂಡಳು. ಆಮೇಲೆ, ನನಗೆ ಹೇಳಿದ್ದೋ ತನಗೇ ಹೇಳಿಕೊಂಡದ್ದೋ ಅನ್ನುವ ಹಾಗೆ, ಮೆಲ್ಲಗೆ ಹೇಳಿದಳು. "ಸಿಂಚನ ಹೊಟ್ಟೇಲಿದ್ದಾಗ ಬಾಣಂತನಕ್ಕೆ ಕರ್ಕೊಂಡೋಗಕ್ಕೆ ಬಂದಿದ್ರು ಅಪ್ಪ. ನಾನು ಬರಲ್ಲ ಅಂದೆ. ಒಬ್ರೇ ಜಗುಲಿ ಮೇಲೆ ಕೂತಿದ್ರು. ನೀರು ಕೊಡಕ್ಕೆ ಹೋದಾಗ ಕೈ ಹಿಡ್ಕೊಂಡು ಏನೋ ಹೇಳಕ್ಕೆ ಬಾಯಿ ತೆಗುದ್ರು. ನನ್ನ ಹೊಟ್ಟೆ ನೋಡಿ ಸುಮ್ನಾಗ್ಬುಟ್ರು. ನಾನು... ನಾನು ಕೈ ಕಿತ್ಕೊಂಡು ಬಾಗ್ಲು ಹಾಕೊಂಡೆ ಕಣೇ."

ಅದು ನನಗೆ ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಅಂದ ಮಾತ್ರಕ್ಕೆ ನನ್ನ ತಪ್ಪು ಕಡಿಮೆಯಾಗುವುದಿಲ್ಲ. ಬಸರಿ ಮಗಳ ಮೇಲೆ ಇಟ್ಟ ಆಣೆಯನ್ನು ಯಾವ ಅಪ್ಪ ಮುರಿಯುತ್ತಾನೆ?

ಗಿರಿಜಾ ಎದ್ದಳು. ಉಂಡೆಯನ್ನು ತನ್ನ ಚೀಲಕ್ಕೆ ಹಾಕಿಕೊಂಡಳು. ಬಾಗಿಲಲ್ಲಿ ಮಗಳಿಗೆ, "ನಿಂಗೆ ಯಾವುದು ಬೇಕೋ ಅದನ್ನೇ ತಗೊ, ಯಾರನ್ನೂ ಕೇಳ್ಬೇಡ" ಅಂದಳು. ನನ್ನ ಕಡೆ ತಿರುಗಲಿಲ್ಲ. ಕಾಫಿ ಕುಡಿಯದೆ, ಏನು ಎತ್ತ ಅಂತ ತಿಳಿಯದ ಮಗಳ ಕೈ ಹಿಡಿದುಕೊಂಡು ಹೊರಟುಹೋದಳು. ಆಮೇಲೆ ಫೋನಿಲ್ಲ. ನಾನೂ ಮಾಡಿಲ್ಲ, ಮಾಡುವ ಮುಖ ನನಗಿಲ್ಲ. ಸಿಂಚನಾ ಪತ್ರಿಕೋದ್ಯಮ ತಗೊಂಡಳು. ಕಾರಿಡಾರಿನಲ್ಲಿ ಎದುರಾದರೆ ನಮಸ್ಕಾರ ಮೇಡಂ ಅನ್ನುತ್ತಾಳೆ. ಮೊದಲು ಆಂಟಿ ಅನ್ನುತ್ತಿದ್ದಳು.

ಹೋದ ವಾರ ಊರಿಂದ ಅವ್ವ ಫೋನು ಮಾಡಿದ್ದಳು. ಅವ್ವನಿಗೆ ಇದ್ಯಾವುದೂ ತಿಳಿಯದು.

"ಸುಮಿತ್ರ, ಗಿರಿಜ ಬಂದಿತ್ತು ಕಣೇ. ಯಾರ್ ಮನೆಗೂ ಬರ್ಲಿಲ್ಲ, ಅವರವ್ವನ್ನೂ ಮಾತಾಡುಸ್ಲಿಲ್ಲ. ಬಸ್ಸಿಳಿದು ಸೀದಾ ಒಲಕ್ಕೋಗಿ ಅವರಪ್ಪನ ಗುಡ್ಡೆಗೆ ಆಲುತುಪ್ಪ ಬುಡ್ತಂತೆ. ನೆಲಕ್ಕೆ ಬಿದ್ದು ಅಪ್ಪಾ, ಅಪ್ಪಾ ಅಂತ ಅದು ಅತ್ತಿದ್ದು ಆಲೆಮನೆ ತಂಕ ಕೇಳ್ತಂತೆ. ಇಷ್ಟೊರ್ಸ ಆದ್ಮೇಲೆ ಯಾಕೋ ಏನೋ, ಪಾಪ. ಆ ನಂಜಪ್ಪ ಇದ್ದಾಗ ಅದನ್ನ ಓದ್ಸಿದ್ರೆ ಇಂಗ್ಯಾಕಾಗ್ತಿತ್ತು ಏಳು? ಕಲ್ಲು ಮನ್ಸ ಕಣೇ ಅವ್ನು... ಸರಿ, ಒಲೆ ಮೇಲೆ ಸಾರೈತೆ, ಮಡಗ್ಲಾ?"

"ಸಾರು ಕೆಳಗಿಟ್ಟು ಬಾ ಅವ್ವ. ಫೋನು ಇಡಬೇಡ" ಅಂದೆ. "ನಂಜಪ್ಪ ಮಾವನ ವಿಚಾರ ನಿನಗೊಂದು ಮಾತು ಹೇಳಬೇಕು. ಹೇಳಿದ ಮೇಲೆ ನೀನು ಅದನ್ನ ಊರಿಗೆಲ್ಲ ಹೇಳಬೇಕು."